ಬಗ್ಗದಿದ್ದರೆ ಯಾಕೆಂದು ಕೇಳಿ

ಮಾಲೀಶ್ ಬಾಯಿ, ಅಂದರೆ ಮೈ ತಿಕ್ಕುವ ಹೆಂಗಸು, ಎಂದು ನನಗೆ ಹೆಸರಿಟ್ಟವರು ರೋಗಿಗಳಲ್ಲ, ನಮ್ಮ ಆಸ್ಪತ್ರೆಯ ಎಲುಬಿನ ಡಾಕ್ಟರು. ಬೆಳಗಾವಿಯಲ್ಲಿ ಫಿಜಿಯೋಥೆರಪಿ ಓದಿ ಮುಗಿಸಿ, ಕೆಲಸಕ್ಕೆ ಹಾಜರಾಗಲು ಮೊದಲ ದಿನ ಅವರ ಕೋಣೆಗೆ ಹೋದೆ. ಅವರು ನನ್ನ ಕಾಗದಗಳನ್ನು ಮುಟ್ಟಲಿಲ್ಲ. ಎದುರಿಗೆ ಕೂತಿದ್ದ ರೋಗಿಯ ಕಡೆ ತಿರುಗಿ, "ಮಾಲೀಶ್ ಮಾಡಾಕ ಬಾಯಿ ಬಂದಾಳ ನೋಡಪಾ, ಇನ್ನ ನಿನ್ನ ಹೆಗಲು ಸಡ್ಲ ಆಗತೈತಿ" ಎಂದರು. ಅಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ.

"ಸರ್, ನಾನು ಮಾಲೀಶ್ ಮಾಡೂದಿಲ್ಲ. ಕೀಲು ಎಷ್ಟು ತಿರಗತೈತಿ, ಯಾಕ ತಿರಗವಲ್ದು ಅಂತ ನೋಡತೇನಿ" ಎಂದೆ.

"ಎರಡೂ ಒಂದ ತಗೋರಿ" ಎಂದು ಅವರು ಮುಂದಿನ ರೋಗಿಯನ್ನು ಕರೆದರು.

ಎರಡೂ ಒಂದಲ್ಲ. ಅಷ್ಟನ್ನು ಹೇಳಲು ನನಗೆ ಮೂವತ್ತು ವರ್ಷ ಬೇಕಾದವು. ಈಗ ನಿವೃತ್ತಳಾಗಿದ್ದೇನೆ, ದಾಂಡೇಲಿಯಲ್ಲಿ ತಂಗಿಯ ಮನೆಯ ಹತ್ತಿರ ಇದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಸಿಕ್ಕಾಗಲೆಲ್ಲ "ಮೇಡಂ, ನಿಮ್ಮ ಕಾಲದಾಗ ಹೆಂಗಿತ್ತು?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಇದರಲ್ಲಿಲ್ಲ. ನನಗೆ ಬಡ್ತಿ ಬರಲೇ ಇಲ್ಲ. ಬಂದಿದ್ದರೂ ಅದರಿಂದ ನೀವು ಕಲಿಯುವಂಥದ್ದು ಏನೂ ಇರುತ್ತಿರಲಿಲ್ಲ. ಆಸ್ಪತ್ರೆಯ ಹೆಸರನ್ನೂ ಡಾಕ್ಟರ ಹೆಸರನ್ನೂ ಬರೆಯುವುದಿಲ್ಲ. ಒಂದು ಟ್ರಸ್ಟ್ ಅದನ್ನು ನಡೆಸುತ್ತಿತ್ತು. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ, ಎಲ್ಲ ಕಡೆಯ ಜನ ಬರುತ್ತಿದ್ದರು. ಅಷ್ಟು ಸಾಕು.

ನನಗೆ ಕೊಟ್ಟ ಕೋಣೆ ಔಷಧಿಯ ಉಗ್ರಾಣದ ಪಕ್ಕದಲ್ಲಿತ್ತು. ಒಂದು ಮಂಚ, ಗೋಡೆಗೆ ಹೊಡೆದ ಗಾಲಿ, ಅದರ ಮೇಲೊಂದು ಹಗ್ಗ, ಮೇಣ ಕಾಯಿಸುವ ಪಾತ್ರೆ, ಮತ್ತು ತೂಕಕ್ಕೆಂದು ನಾನೇ ಹೊಲಿದುಕೊಂಡ ಉಸುಕಿನ ಚೀಲಗಳು. ಕೋನ ಅಳೆಯುವ ಎರಡು ತೋಳಿನ ಪಟ್ಟಿ ಮಾತ್ರ ನನ್ನ ಸ್ವಂತದ್ದು, ಕಾಲೇಜಿನಿಂದ ತಂದದ್ದು. ಒಂದು ತೋಳನ್ನು ಕೀಲಿನ ಮೇಲಿನ ಎಲುಬಿಗೆ, ಇನ್ನೊಂದನ್ನು ಕೆಳಗಿನ ಎಲುಬಿಗೆ ಹಿಡಿದರೆ ಆ ಕೀಲು ಎಷ್ಟು ಬಗ್ಗಿತು ಎಂದು ತಿಳಿಯುತ್ತದೆ. ಸುಲಭದ ಸಾಮಾನು. ಆದರೆ ಎಷ್ಟು ಎಂದು ಹೇಳುವ ಆ ಪಟ್ಟಿ ಯಾಕೆ ಎಂದು ಹೇಳುವುದಿಲ್ಲ. ಇದನ್ನು ನಾನು ಕಲಿತದ್ದು ಮಲ್ಲವ್ವನ ಕೈಯನ್ನು ಹಾಳು ಮಾಡಿ.

ಮಲ್ಲವ್ವ ಹಳಿಯಾಳದ ಹತ್ತಿರದ ಹಳ್ಳಿಯವಳು. ಕಬ್ಬು ಕಡಿಯುವ ಕೆಲಸ. ಕಬ್ಬು ತುಂಬಿದ ಟ್ರೇಲರಿನ ಮೇಲಿಂದ ಬಿದ್ದು ಬಲಗೈಯ ಮೊಣಕೈ ಕೀಲು ತಪ್ಪಿತ್ತು. ಡಾಕ್ಟರು ಕೂಡಿಸಿ ಪ್ಲಾಸ್ಟರ್ ಹಾಕಿದರು. ಮೂರು ವಾರ ಕಳೆದು ಪ್ಲಾಸ್ಟರ್ ತೆಗೆದಾಗ ಕೈ ಬಗ್ಗುತ್ತಿರಲಿಲ್ಲ, ನೆಟ್ಟಗೂ ಆಗುತ್ತಿರಲಿಲ್ಲ. ಪ್ಲಾಸ್ಟರಿನಲ್ಲಿ ಕೂತ ಯಾವ ಕೀಲಾದರೂ ಹಾಗೆಯೇ. ಡಾಕ್ಟರು ಕೇಸ್ ಪೇಪರಿನ ಮೇಲೆ ಒಂದೇ ಮಾತು ಬರೆದು ನನ್ನ ಕೋಣೆಗೆ ಕಳಿಸಿದರು: ಬಗ್ಗಿಸಿ.

ನಾನು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಮಾಲೀಶ್ ಬಾಯಿ ಅಲ್ಲ ಎಂದು ತೋರಿಸಬೇಕಿತ್ತು. ಮೊಣಕೈಯನ್ನು ನಾವು ಬಿಜಾಗರಿ ಕೀಲು ಎಂದು ಓದಿದ್ದೆವು. ಬಾಗಿಲಿನ ಹಾಗೆ ಒಂದೇ ದಿಕ್ಕಿನಲ್ಲಿ ತೆರೆದು ಮುಚ್ಚುವ ಕೀಲು. ಬಾಗಿಲು ಬಿಗಿಯಾದರೆ ತಳ್ಳಿದರಾಯಿತು ಎಂದು ತಿಳಿದಿದ್ದೆ. ದಿನಾ ಬೆಳಿಗ್ಗೆ ಅವಳ ಕೈಯನ್ನು ಮೇಣದಲ್ಲಿ ಕಾಯಿಸಿ, ಮೇಲಿನ ತೋಳನ್ನು ಮಂಚಕ್ಕೆ ಒತ್ತಿ ಹಿಡಿದು, ಮುಂಗೈಯನ್ನು ನನ್ನ ಮೈಭಾರ ಹಾಕಿ ಬಗ್ಗಿಸುತ್ತಿದ್ದೆ. ಅವಳು ಚೀರುತ್ತಿದ್ದಳು. "ತಡಕೋಬೇಕ ಮಲ್ಲವ್ವಾ, ನೋವಿಲ್ಲದ ಕೀಲು ಬಿಡೂದಿಲ್ಲ" ಎನ್ನುತ್ತಿದ್ದೆ. ಅವಳು ಸೆರಗನ್ನು ಹಲ್ಲಿನಲ್ಲಿ ಕಚ್ಚಿ ತಡೆದುಕೊಂಡಳು. ಮೊದಲ ವಾರ ಹತ್ತು ಡಿಗ್ರಿ ಹೆಚ್ಚಾಯಿತು. ನಾನು ಹಿಗ್ಗಿದೆ. ಎರಡನೆಯ ವಾರ ಮೊಣಕೈ ಊದಿಕೊಂಡು ಬಿಸಿಯಾಯಿತು. ಕೈ ಬಿಸಿಯಾಗಿದೆ ಎಂದು ನನಗೆ ಗೊತ್ತಿತ್ತು, ಮುಟ್ಟಿದವಳು ನಾನೇ. ನಿಲ್ಲಿಸಲಿಲ್ಲ. ಇನ್ನಷ್ಟು ಒತ್ತಿದೆ. ಐದನೆಯ ವಾರದ ಹೊತ್ತಿಗೆ ಮೊಣಕೈಯ ಮುಂದಿನ ಮಾಂಸದಲ್ಲಿ ಕಲ್ಲಿನಂಥ ಗಟ್ಟಿ ಕೈಗೆ ಸಿಕ್ಕಿತು.

ಎಕ್ಸ್‌ರೇ ತೆಗೆಸಿದಾಗ ಮಾಂಸದೊಳಗೆ ಎಲುಬು ಬೆಳೆದಿತ್ತು. ಪೆಟ್ಟು ತಿಂದ ಮೊಣಕೈಯನ್ನು ಜೋರಿನಿಂದ ಬಗ್ಗಿಸಿದರೆ ಹರಿದ ಮಾಂಸ ಹಾಗೆ ಸೇಡು ತೀರಿಸಿಕೊಳ್ಳುತ್ತದೆ. ಕಾಲೇಜಿನಲ್ಲಿ ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೈ ಲಂಬಕೋನದಲ್ಲಿ ನಿಂತುಬಿಟ್ಟಿತು. ಅತ್ತ ನೆಟ್ಟಗಾಗದು, ಇತ್ತ ಬಾಯಿಗೆ ಮುಟ್ಟದು. ರೊಟ್ಟಿಯ ತುತ್ತು ಗದ್ದದಿಂದ ಒಂದು ಗೇಣು ದೂರದಲ್ಲಿ ನಿಲ್ಲುತ್ತಿತ್ತು. ತುರುಬು ಕಟ್ಟಲು ಆಗುತ್ತಿರಲಿಲ್ಲ.

"ನೀವರೆ ಏನ ಮಾಡ್ತೀರಿ ಅಕ್ಕಾರ, ದಿನಾ ಅಷ್ಟ ಕಷ್ಟಪಟ್ರಿ. ನನ್ನ ನಸೀಬ" ಎಂದಳು ಮಲ್ಲವ್ವ.

ಆ ಮಾತನ್ನು ನುಂಗಿಕೊಂಡು ಮನೆಗೆ ಹೋಗಬಹುದಿತ್ತು. ಒಂದು ದಿನ ಹೋದೆ ಕೂಡ. ಮರುದಿನ ಬಂದು ಅವಳ ಕೇಸ್ ಪೇಪರಿನ ಮೇಲೆ ಬರೆದೆ: ಜೋರಿನಿಂದ ಬಗ್ಗಿಸಿದ್ದರಿಂದ ಮಾಂಸದಲ್ಲಿ ಎಲುಬು ಬೆಳೆದಿದೆ, ಬಗ್ಗಿಸಿದವಳು ನಾನು. ಕೆಳಗೆ ಸಹಿ ಮಾಡಿದೆ. ದಾಖಲೆ ಕೋಣೆಯ ಗುಮಾಸ್ತರು ಗಾಬರಿಯಾದರು. "ಬಾಯಾರ, ಹಿಂಗ ಯಾರೂ ಬರಿಯೂದಿಲ್ರಿ. ಹಾಳಿ ಬದಲ ಮಾಡೂಣು." ಬದಲು ಮಾಡಲು ನಾನು ಬಿಡಲಿಲ್ಲ. ಮಲ್ಲವ್ವನಿಗೂ ಹೇಳಿದೆ. ನಸೀಬ ಅಲ್ಲ, ನಾನು, ಎಂದೆ.

"ನಾ ಚೀರಿದಾಗ ಬಿಡಬೇಕಿತ್ತ ನೀವು" ಎಂದಳು.

ಅಷ್ಟೆ. ಎದ್ದು ಹೋದಳು. ಮಾಂಸದಲ್ಲಿ ಬೆಳೆದ ಎಲುಬು ಪಕ್ವವಾದ ಮೇಲೆ ಹುಬ್ಬಳ್ಳಿಯಲ್ಲಿ ಅದನ್ನು ಕೊರೆದು ತೆಗೆಯಬಹುದೆಂದು ತಿಳಿದು, ಒಂದೂವರೆ ವರ್ಷದ ಮೇಲೆ ಅವಳ ಹಳ್ಳಿಗೆ ಹೋಗಿ ಹೇಳಿದೆ. ಎಡಗೈಯಲ್ಲಿ ಚಹಾ ಮಾಡಿಕೊಟ್ಟಳು. "ಈ ಕೈ ಇನ್ನ ಯಾರ ಕೈಯಾಗೂ ಕೊಡೂದಿಲ್ರಿ" ಎಂದಳು. ನನ್ನ ಮೇಲೆ ಸಿಟ್ಟಿರಲಿಲ್ಲ, ನಂಬಿಕೆ ಇರಲಿಲ್ಲ. ಅದು ಅವಳ ಹಕ್ಕು. ಅವಳು ಕ್ಷಮಿಸಿದಳೆಂದು ಬರೆದು ಈ ಕಥೆಯನ್ನು ಸಿಹಿ ಮಾಡುವುದಿಲ್ಲ.

ಅಂದಿನಿಂದ ನನ್ನ ಕೋಣೆಯಲ್ಲಿ ಒಂದು ನಿಯಮ ಬಂತು. ರೋಗಿ ಸಾಕು ಎಂದರೆ ಸಾಕು. ಕೀಲನ್ನು ರೋಗಿಯೇ ತನ್ನ ಸ್ನಾಯುವಿನಿಂದ ಬಗ್ಗಿಸಬೇಕು, ನನ್ನ ಕೈ ಅದರ ಕೆಳಗೆ ಆಸರೆಯಾಗಿ ಮಾತ್ರ ಇರಬೇಕು. ಕೀಲು ಒಂದು ಜಾಗದಲ್ಲಿ ನಿಂತರೆ ಅದು ಹೇಗೆ ನಿಂತಿತು ಎಂದು ಬೆರಳಿಗೆ ಕೇಳಬೇಕು. ಬಿಗಿದ ಮಾಂಸ ಹಿಟ್ಟು ನಾದಿದಂತೆ ನಿಧಾನವಾಗಿ ತಡೆಯುತ್ತದೆ. ಎಲುಬಿಗೆ ಎಲುಬು ತಾಗಿದರೆ ಥಟ್ಟನೆ ನಿಲ್ಲುತ್ತದೆ. ಮೊದಲನೆಯದಕ್ಕೆ ತಾಳ್ಮೆ ಬೇಕು. ಎರಡನೆಯದಕ್ಕೆ ಎಷ್ಟು ತಾಳ್ಮೆಯಿದ್ದರೂ ಉಪಯೋಗವಿಲ್ಲ, ಒಳಗೆ ಏನಿದೆ ಎಂದು ನೋಡಬೇಕು. ಡಾಕ್ಟರಿಗೆ ಈ ನಿಯಮ ಹಿಡಿಸಲಿಲ್ಲ. "ಬಾಯಿ ಈಗ ರೋಗಿನ್ನ ಮುಟ್ಟಾಕ ಅಂಜತಾಳ" ಎಂದು ನರ್ಸುಗಳ ಮುಂದೆ ಹೇಳಿದರು. ಹೇಳಲಿ ಎಂದು ಬಿಟ್ಟೆ.

ಹಲವು ವರ್ಷ ಕಳೆದವು. ನಮ್ಮಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದ ಕಾಲ. ಗಫಾರಸಾಬರು ನನ್ನ ಕೋಣೆಗೆ ಬಂದದ್ದು ಆಗ.

ದಾಂಡೇಲಿಯಲ್ಲಿ ಲಾರಿ ರಿಪೇರಿಯ ಗ್ಯಾರೇಜು ಅವರದು. ವಯಸ್ಸು ಐವತ್ತರ ಹತ್ತಿರ. ಲಾರಿಯ ಕೆಳಗಿನ ಜಾಕ್ ಜಾರಿ ಬಲಗೈಯ ಮುಂಗೈಗೆ ಏಟಾಗಿತ್ತು. ಮುಂಗೈಯಲ್ಲಿ ಎರಡು ಎಲುಬು, ಒಂದು ಕಿರುಬೆರಳಿನ ಕಡೆಗೆ, ಒಂದು ಹೆಬ್ಬೆರಳಿನ ಕಡೆಗೆ. ಕಿರುಬೆರಳಿನ ಕಡೆಯದು ನಡುವೆ ಮುರಿದಿತ್ತು. ಪ್ಲಾಸ್ಟರ್ ಹಾಕಿ, ಎರಡು ತಿಂಗಳಿಗೆ ತೆಗೆದು, ಎಲುಬು ಚೆನ್ನಾಗಿ ಕೂಡಿದೆ ಎಂದು ಬರೆದು ನನ್ನ ಕಡೆ ಕಳಿಸಿದ್ದರು. ಅಲ್ಲಿಯೂ ಅದೇ ಮಾತು: ಬಗ್ಗಿಸಿ.

ಮೂರು ವಾರದಲ್ಲಿ ಮಣಿಕಟ್ಟು ಸರಿಹೋಯಿತು. ಬೆರಳುಗಳು ಸರಿಹೋದವು. ಮೊಣಕೈ ಹೆಚ್ಚು ಕಡಿಮೆ ಸರಿಹೋಯಿತು, ಕೊನೆಯ ಸ್ವಲ್ಪದಲ್ಲಿ ಮಾತ್ರ ಥಟ್ಟನೆ ನಿಲ್ಲುತ್ತಿತ್ತು. ಡಾಕ್ಟರು ನೋಡಿ "ಕೆಲಸಕ್ಕ ಹೋಗು, ಏನೂ ಆಗಿಲ್ಲ" ಎಂದರು. ಗಫಾರಸಾಬರು ಹೋಗಲಿಲ್ಲ. ಮರುದಿನ ನನ್ನ ಮಂಚದ ಮೇಲೆ ಬಂದು ಕೂತರು.

"ಅಕ್ಕಾರ, ನಾ ನಾಟಕ ಮಾಡಾಕತ್ತೇನಿ ಅಂತಾರ ಸಾಹೇಬ್ರು. ನೀವ ನೋಡ್ರಿ" ಎಂದು ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದರು. "ದುವಾಕ್ಕ ಕೈ ಎತ್ತಿದ್ರ ಎಡಗೈ ಅಂಗೈ ಮ್ಯಾಲ ನೋಡತೈತಿ. ಬಲಗೈ ಅಂಗೈ ಎಡಗೈಯನ್ನ ನೋಡತೈತಿ. ಮೊದಲ ಹಿಂಗಿರಲಿಲ್ರಿ. ಮಾರಿಗೆ ನೀರ ಹಾಕ್ಕೊಬೇಕಂದ್ರ ಬೊಗಸಿ ಆಗವಲ್ದು. ಸ್ಕ್ರೂ ಡ್ರೈವರ್ ಹಿಡದ್ರ ತಿರಗವಲ್ದು. ಕೈ ಬಗ್ಗತೈತಿ, ಹೌದು. ಬಗ್ಗಿ ಏನ್ ಮಾಡ್ಲಿ?"

ಮೂರು ವಾರ ನಾನು ಬಗ್ಗುವುದನ್ನೇ ಅಳೆದಿದ್ದೆ. ತಿರುಗುವುದನ್ನು ಸರಿಯಾಗಿ ಅಳೆದಿರಲಿಲ್ಲ. ಇದೂ ನನ್ನದೇ ತಪ್ಪು.

ಮೊಣಕೈ ಎಂದರೆ ಒಂದೇ ಕೀಲಲ್ಲ. ಒಂದೇ ಚೀಲದೊಳಗೆ ಮೂರು ಕೀಲುಗಳಿವೆ. ತೋಳಿನ ಎಲುಬಿಗೆ ಕಿರುಬೆರಳಿನ ಕಡೆಯ ಎಲುಬು ಬಿಜಾಗರಿಯ ಹಾಗೆ ಸೇರಿದೆ, ಕೈಯನ್ನು ಬಗ್ಗಿಸುವುದು ಅದು. ಹೆಬ್ಬೆರಳಿನ ಕಡೆಯ ಎಲುಬಿನ ಮೇಲ್ತುದಿ ಮಾತ್ರ ದುಂಡಗಿನ ತಲೆ. ಅದು ಮೇಲೆ ತೋಳಿನ ಎಲುಬಿಗೆ ಆತುಕೊಂಡು, ಪಕ್ಕದ ಎಲುಬಿನ ಮಗ್ಗುಲಲ್ಲಿ ಒಂದು ಗಟ್ಟಿ ನಾರಿನ ಪಟ್ಟಿಯೊಳಗೆ ಗಿರನೆ ತಿರುಗುತ್ತದೆ. ಅಂಗೈ ಮೇಲೆ ಕೆಳಗೆ ಆಗುವುದು ಆ ತಿರುಗುವ ಕೀಲಿನಿಂದ. ಇದನ್ನು ಗಫಾರಸಾಬರಿಗೆ ಹೇಳಿದೆ. ಮೆಕ್ಯಾನಿಕ್ ಆದ್ದರಿಂದ ಒಂದೇ ಸಲಕ್ಕೆ ತಿಳಿಯಿತು.

"ಅಂದ್ರ ಶಾಫ್ಟ್ ಬುಶ್‌ನ್ಯಾಗ ತಿರಗಿದಂಗ. ಹಂಗಾದ್ರ ಶಾಫ್ಟ್ ಹೊರಗ ಬಿದ್ದೈತಿ ಏನ್ ನೋಡ್ರಿ."

ಅವರ ಎಡ ಮೊಣಕೈಯ ಹೊರಬದಿಗೆ ಬೆರಳಿಟ್ಟು ಅಂಗೈ ತಿರುಗಿಸಲು ಹೇಳಿದೆ. ಆ ದುಂಡು ತಲೆ ಬೆರಳಿನ ಕೆಳಗೆ ತಿರುಗಿತು. ಬಲ ಮೊಣಕೈಯಲ್ಲಿ ಅದೇ ಜಾಗದಲ್ಲಿ ಬೆರಳಿಟ್ಟೆ. ಅಲ್ಲಿ ತಗ್ಗು. ಆ ದುಂಡು, ಮುಂಭಾಗದಲ್ಲಿ, ಇರಬಾರದ ಜಾಗದಲ್ಲಿ ಉಬ್ಬಿಕೊಂಡಿತ್ತು. ಮುಂಗೈಯ ಒಂದು ಎಲುಬು ಮುರಿದಾಗ ಇನ್ನೊಂದರ ತಲೆ ಕೀಲಿನಿಂದ ಹೊರಗೆ ಹಾರುವುದುಂಟು. ಕೇಸ್ ಪೇಪರಿನ ಜೊತೆಗಿದ್ದ ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದೆ. ಎಲ್ಲವೂ ಮುಂಗೈಯ ನಡುವಿನವು. ಒಂದರಲ್ಲೂ ಮೊಣಕೈ ಇರಲಿಲ್ಲ.

ಡಾಕ್ಟರ ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೋಗಿ ಹೇಳಿದೆ. ಮೊಣಕೈಯ ಎಕ್ಸ್‌ರೇಗೆ ಚೀಟಿ ಕೊಡಿ ಎಂದು ಕೇಳಿದೆ.

"ಗಿರಿಜಾಬಾಯಿ, ನಿಮ್ಮ ಕೆಲಸ ಎಳಿಯೂದು. ವಿಚಾರ ಮಾಡೂದು ನನ್ನ ಕೆಲಸ. ನಾಳೆ ಜೋರ್ ಹಾಕಿ ತಿರುವ್ರಿ, ತಿರಗತೈತಿ."

"ತಿರುವೂದಿಲ್ಲ ಸರ್. ಎಲುಬು ಅಡ್ಡ ಬಂದೈತಿ."

ಅವರು ಪೆನ್ನು ಕೆಳಗಿಟ್ಟರು. "ಆ ಕಬ್ಬಿನ ಹೆಣ್ಮಗಳ ಕೈ ಮುರುಟಿಸಿದಾಕಿ ನೀನು. ನೀನು ನನಗ ಮೊಣಕೈ ಕಲಿಸ್ತಿಯೇನು?"

ಅಷ್ಟು ವರ್ಷ ಬಹುವಚನದಲ್ಲಿ ಮಾತಾಡಿಸಿದವರು ಏಕವಚನಕ್ಕೆ ಇಳಿದರು. ಸುಮ್ಮನೆ ಹೊರಗೆ ಬಂದೆ. ಸುಮ್ಮನೆ ಬಂದೆ ಎಂದು ಬರೆಯಲು ಈಗಲೂ ನಾಚಿಕೆ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಲ್ಲವ್ವನ ಕೈ ಕೆಡಿಸಿದವಳು ನಾನೇ. ಆದರೆ ಅಳುತ್ತಾ ಕೂತಾಗ ಒಂದು ಮಾತು ಹೊಳೆಯಿತು. ಮಲ್ಲವ್ವ ಚೀರಿದಾಗ ನಾನು ಬಿಡಲಿಲ್ಲ, ಏಕೆಂದರೆ ಡಾಕ್ಟರು ಬಗ್ಗಿಸಿ ಎಂದು ಬರೆದಿದ್ದರು. ಈಗ ಇನ್ನೊಬ್ಬ ಮನುಷ್ಯ ತನ್ನ ಕೈ ತೋರಿಸಿ ಹೇಳುತ್ತಿದ್ದಾನೆ, ಡಾಕ್ಟರು ತಿರುಗಿಸಿ ಎನ್ನುತ್ತಿದ್ದಾರೆ. ಎರಡನೆಯ ಸಲವೂ ಕಿವಿ ಮುಚ್ಚಿಕೊಂಡರೆ ನಾನು ಕಲಿತದ್ದೇನು?

ಎಕ್ಸ್‌ರೇ ತೆಗೆಯುವವನು ಪೀಟರ್. ಕ್ಯಾಸಲ್‌ರಾಕ್‌ನ ರೈಲ್ವೆ ಮನೆತನದವನು, ನಿಯಮ ಬಿಟ್ಟು ಕೂದಲೆಳೆಯಷ್ಟೂ ಸರಿಯುವವನಲ್ಲ. "ಚೀಟಿ ಇಲ್ಲದ ತಗಿಯೂದಿಲ್ಲ ಗಿರಿಜಕ್ಕ" ಎಂದ. ಚೀಟಿಯ ಪುಸ್ತಕ ತೆಗೆದುಕೊಂಡು, ಬಲ ಮೊಣಕೈ, ಎದುರಿನಿಂದ ಮತ್ತು ಮಗ್ಗುಲಿನಿಂದ, ಎಂದು ಬರೆದು, ಡಾಕ್ಟರ ಸಹಿಯ ಜಾಗದಲ್ಲಿ ನನ್ನ ಹೆಸರನ್ನು ಪೂರ್ತಿಯಾಗಿ ಬರೆದೆ. ಪೀಟರ್ ಸಹಿ ನೋಡಿದ, ನನ್ನನ್ನು ನೋಡಿದ, ಗಫಾರಸಾಬರ ಕೈ ನೋಡಿದ. "ಒಳಗ ಬರ್ರಿ" ಎಂದು ಅವರನ್ನು ಕರೆದ.

ಫಿಲ್ಮ್ ಒಣಗುವವರೆಗೂ ನಾವು ಮೂವರೂ ಅಲ್ಲೇ ನಿಂತಿದ್ದೆವು. ಆಮೇಲೆ ಪೀಟರ್ ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದ. ಹೆಬ್ಬೆರಳಿನ ಕಡೆಯ ಎಲುಬಿನ ನಡುವೆ ಗೆರೆ ಎಳೆದರೆ ಅದು ತೋಳಿನ ಎಲುಬಿನ ದುಂಡು ತುದಿಗೆ ನೇರವಾಗಿ ಹೋಗಿ ಮುಟ್ಟಬೇಕು. ಇಲ್ಲಿ ಬೆರಳಿನಷ್ಟು ಮುಂದೆ ಗಾಳಿಯಲ್ಲಿ ಹೋಗುತ್ತಿತ್ತು. ತಲೆ ಕೀಲಿನಿಂದ ಹೊರಗಿತ್ತು. ಮೊದಲ ದಿನದಿಂದಲೂ ಹೊರಗಿತ್ತು.

"ನಾಟಕ ಅಲ್ಲ ಅಲ್ರೀ?" ಎಂದು ಗಫಾರಸಾಬರು ಮೆಲ್ಲಗೆ ಕೇಳಿದರು.

"ಅಲ್ರಿ. ನಿಮ್ಮ ಮಾತ ಖರೆ" ಎಂದೆ.

ಈ ಸಲ ಡಾಕ್ಟರ ಕೋಣೆ ಖಾಲಿಯಾಗುವವರೆಗೆ ಕಾಯಲಿಲ್ಲ. ಹೊರರೋಗಿಗಳ ಸಾಲಿನ ಮುಂದೆಯೇ ಹೋಗಿ ಫಿಲ್ಮ್ ಅನ್ನು ಅವರ ಮೇಜಿನ ಮೇಲಿಟ್ಟೆ. ಅವರು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಕ್ಷಣ ಸಾಕಾಯಿತು. ಅವರು ಒಳ್ಳೆಯ ಸರ್ಜನ್, ಅವರಿಗೆ ತಿಳಿಯದೆ ಇರಲಿಲ್ಲ. ಕೈ ಕೆಳಗಿಳಿಯಿತು. ಆಮೇಲೆ ಅವರು ಕೇಳಿದ್ದು ರೋಗಿಯ ಬಗ್ಗೆ ಅಲ್ಲ.

"ಚೀಟಿಗೆ ಯಾರು ಸಹಿ ಮಾಡಿದ್ರು?"

"ನಾನು."

"ಯಾವ ಅಧಿಕಾರದಾಗ? ಒಬ್ಬಾಕಿ ಕೈ ಕೆಡಿಸಿ..."

"ಕೆಡಿಸೇನಿ ಸರ್" ಎಂದೆ. ನನ್ನ ಧ್ವನಿ ಹೊರಗಿನ ಬೆಂಚಿನವರೆಗೂ ಕೇಳಿಸಿತಂತೆ, ಆಮೇಲೆ ನರ್ಸುಗಳು ಹೇಳಿದರು. "ಮಲ್ಲವ್ವನ ಕೈ ನಾನ ಕೆಡಿಸೇನಿ. ಅದು ದಾಖಲೆ ಕೋಣ್ಯಾಗ ಐತಿ, ನನ್ನ ಅಕ್ಷರದಾಗ, ನನ್ನ ಸಹಿ ಕೆಳಗ. ಇವರ ಕೇಸ್ ಪೇಪರ್ ಇಲ್ಲೈತಿ. ಈಗ ನೀವು ಬರೀರಿ."

ಅವರು ಬರೆಯಲಿಲ್ಲ. ಹುಬ್ಬಳ್ಳಿಗೆ ಕಳಿಸುವ ಚೀಟಿ ಮಾತ್ರ ಬರೆದುಕೊಟ್ಟರು. ನನಗೆ ಮೆಮೊ ಬಂತು. ಅಧಿಕಾರ ಮೀರಿದ್ದಕ್ಕೆ ವಿವರಣೆ ಕೊಡಿ ಎಂದು. ಟ್ರಸ್ಟಿನ ಆಡಳಿತಾಧಿಕಾರಿ ಕೂರಿಸಿಕೊಂಡು ಸಮಾಧಾನವಾಗಿ ಹೇಳಿದರು. "ಒಂದ ಸಾಲು ಬರದ ಕೊಡ್ರಿ ಬಾಯಾರ, ತಪ್ಪಾತು ಅಂತ. ಇಲ್ಲಿಗೆ ಮುಗಸೂಣು."

"ಯಾವ ತಪ್ಪು ಅಂತ ನೀವ ಹೇಳ್ರಿ, ಬರೀತೇನಿ."

ಅವರು ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿದರು. ನಾನು ಮೂರು ಸಾಲು ಬರೆದುಕೊಟ್ಟೆ. ಅನುಮತಿಯಿಲ್ಲದೆ ಎಕ್ಸ್‌ರೇ ಚೀಟಿಗೆ ಸಹಿ ಮಾಡಿದ್ದು ನಿಜ. ರೋಗಿಯ ಎಲುಬಿನ ತಲೆ ಕೀಲಿನಿಂದ ಹೊರಗಿದ್ದದ್ದೂ ನಿಜ. ಮೊದಲನೆಯದಕ್ಕೆ ಶಿಕ್ಷೆ ಕೊಡುವುದಾದರೆ ಎರಡನೆಯದನ್ನೂ ಅದೇ ಕಡತದಲ್ಲಿ ಸೇರಿಸಿ. ಪೀಟರನನ್ನೂ ಕರೆಸಿದರು. ಗೊತ್ತಾಗದೆ ತೆಗೆದೆ ಎಂದು ಹೇಳಿ ಅವನು ಪಾರಾಗಬಹುದಿತ್ತು. "ಸಹಿ ಯಾರದಂತ ನೋಡಿದ್ನಿ. ನೋಡೇ ತಗದ್ನಿ" ಎಂದು ಹೇಳಿ ಬಂದ. ನಿಯಮದ ಮನುಷ್ಯ ಎಂದು ಅವನನ್ನು ನಾವು ಎಷ್ಟೋ ಸಲ ಆಡಿಕೊಂಡಿದ್ದೆವು.

ಹುಬ್ಬಳ್ಳಿಯಲ್ಲಿ ಗಫಾರಸಾಬರ ಶಸ್ತ್ರಕ್ರಿಯೆ ಆಯಿತು. ತಡವಾದ್ದರಿಂದ ಆ ಎಲುಬಿನ ತಲೆಯನ್ನು ಮರಳಿ ಕೂಡಿಸಲು ಆಗಲಿಲ್ಲ, ಕತ್ತರಿಸಿ ತೆಗೆದರು. ಹೊಲಿಗೆ ಬಿಚ್ಚಿದ ಮೇಲೆ ನನ್ನ ಹತ್ತಿರವೇ ಬಂದರು. ನಾಲ್ಕು ತಿಂಗಳು ದಿನಾ ಕೂತೆವು. ಅವರು ಬಳಸುತ್ತಿದ್ದ ಸ್ಪ್ಯಾನರ್‌ಗಳನ್ನೇ ತರಲು ಹೇಳಿದೆ, ಮೊದಲು ಸಣ್ಣದು, ಆಮೇಲೆ ದೊಡ್ಡದು. ಮೊದಲಿನಷ್ಟು ಶಕ್ತಿ ಬರಲಿಲ್ಲ. ಬಿಗಿಯಾದ ಬೋಲ್ಟಿಗೆ ಇವತ್ತಿಗೂ ಎಡಗೈ ಹಾಕುತ್ತಾರೆ. ಒಂದು ಶುಕ್ರವಾರ ನಮಾಜು ಮುಗಿಸಿ ನೇರವಾಗಿ ಕೋಣೆಗೆ ಬಂದು, ಎರಡೂ ಕೈಗಳನ್ನು ಎತ್ತಿ ಹಿಡಿದು ತೋರಿಸಿದರು. ಬಲಗೈಯ ಅಂಗೈ ಪೂರ್ತಿ ಮೇಲಾಗಿರಲಿಲ್ಲ, ಆದರೆ ಬೊಗಸೆಯಾಗಿತ್ತು.

ಡಾಕ್ಟರು ನಿವೃತ್ತರಾಗುವವರೆಗೂ ನನ್ನ ಜೊತೆ ನೇರವಾಗಿ ಮಾತಾಡಲಿಲ್ಲ. ಆದರೆ ಆ ತಿಂಗಳಿನಿಂದ ಅವರ ಚೀಟಿಗಳಲ್ಲಿ ಒಂದು ಬದಲಾವಣೆ ಕಂಡದ್ದನ್ನು ಪೀಟರ್ ನನಗೆ ತೋರಿಸಿದ. ಎಲುಬು ಎಲ್ಲಿ ಮುರಿದಿರಲಿ, ಅದರ ಮೇಲಿನ ಕೀಲು ಕೆಳಗಿನ ಕೀಲು ಎರಡೂ ಫಿಲ್ಮಿನಲ್ಲಿ ಬರಬೇಕು ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ತಪ್ಪಾಯಿತು ಎಂದು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ನನಗೆ ಬೇಕಾದದ್ದು ಆ ಕೆಂಪು ಶಾಯಿಯಲ್ಲಿತ್ತು.

ನೀವೂ ಹೀಗೆ ಸಹಿ ಮಾಡಿ ಎಂದು ಹೇಳುತ್ತಿಲ್ಲ. ಬೇರೆಯವರ ಜಾಗದಲ್ಲಿ ಸಹಿ ಮಾಡುವುದು ತಪ್ಪೇ. ಕೇಳಿ. ಬಾಯಲ್ಲಿ ಕೇಳಿ, ಆಗದಿದ್ದರೆ ಬರೆದು ಕೇಳಿ, ಅವರ ಮೇಲಿನವರನ್ನು ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಆಗಲಿ. ಆದರೆ ನಿಮ್ಮ ಬೆರಳಿಗೆ ತಿಳಿದದ್ದನ್ನು ಮೇಲಿನವರ ಮಾತಿಗೆ ಹೆದರಿ ಮರೆಯಬೇಡಿ.

ಶಿಕ್ಷೆ ಎಂದು ನನ್ನನ್ನು ವಾರಕ್ಕೆ ಮೂರು ದಿನ ಹೊರಗಿನ ಶಿಬಿರಗಳಿಗೆ ಹಾಕಿದರು. ಮುಂಡಗೋಡ ಒಂದು ದಿನ, ಜೋಯಿಡಾ ಎರಡು ದಿನ. ಬಸ್ಸಿನಲ್ಲಿ ಸೊಂಟ ಮುರಿಯುವಷ್ಟು ದೂರ. ಶಿಕ್ಷೆ ಕೊಟ್ಟವರಿಗೆ ಗೊತ್ತಿರಲಿಲ್ಲ, ನನ್ನ ಕಲಿಕೆಯ ಅರ್ಧಭಾಗ ಅಲ್ಲಿ ಆಯಿತು.

ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಿಂದ ಒಬ್ಬ ವಯಸ್ಸಾದ ಸನ್ಯಾಸಿ ಸೊಂಟನೋವೆಂದು ಬಂದರು. ತೊಡೆಯ ಬುಡದ ಕೀಲು ಚೆಂಡು ಮತ್ತು ಗುಳಿಯ ಕೀಲು, ಎಲ್ಲ ದಿಕ್ಕಿಗೂ ತಿರುಗುವಂಥದ್ದು. ಹೊರಕ್ಕೆ ಎಷ್ಟು ತಿರುಗಬೇಕೆಂದು ಪುಸ್ತಕದಲ್ಲಿ ಒಂದು ಅಂಕಿಯಿದೆ. ಅವರದು ಅದಕ್ಕಿಂತ ಬಹಳ ಹೆಚ್ಚು ತಿರುಗುತ್ತಿತ್ತು, ನೋವಿದ್ದಾಗಲೂ. ಚಿಕ್ಕಂದಿನಿಂದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಓದಿದವರು. ಅಲ್ಲಿಯವರೆಗೆ ನಾನು ಪುಸ್ತಕದ ಅಂಕಿ ಮುಟ್ಟಿದರೆ ರೋಗಿ ಗುಣವಾದ ಎಂದು ಬರೆಯುತ್ತಿದ್ದೆ. ಆ ಅಂಕಿ ಯಾರನ್ನು ಅಳೆದು ಬರೆದದ್ದು? ಬಹುಶಃ ಕುರ್ಚಿಯ ಮೇಲೆ ಕೂತು ಬೆಳೆದವರನ್ನು. ನೆಲದ ಮೇಲೆ ಬದುಕುವವರಿಗೆ ಅದೇ ಅಂಕಿ ಸಾಕೆಂದು ಯಾರು ಹೇಳಿದರು?

ಇದೇ ಪ್ರಶ್ನೆಯ ಮೇಲೆ ಜೋಯಿಡಾದಲ್ಲಿ ನನ್ನ ಕೊನೆಯ ಜಗಳ ಆಯಿತು. ನಿವೃತ್ತಿಗೆ ಒಂದು ವರ್ಷವಿತ್ತು. ಸಾವಿತ್ರಿ ಎಂಬ ಕುಣಬಿ ಬುಡಕಟ್ಟಿನ ಹೆಣ್ಣುಮಗಳು ಕಲ್ಲಿನ ಇಳಿಜಾರಿನಲ್ಲಿ ಬಿದ್ದು ಮೊಣಕಾಲ ಚಿಪ್ಪು ಒಡೆದುಕೊಂಡಿದ್ದಳು. ದೊಡ್ಡ ಆಸ್ಪತ್ರೆಯಲ್ಲಿ ತಂತಿ ಹಾಕಿ ಕೂಡಿಸಿದ್ದರು, ಚೆನ್ನಾಗಿ ಕೂಡಿತ್ತು. ಅವಳ ಬದುಕು ಗೆಡ್ಡೆ ಬೆಳೆಯುವುದು, ಅಗೆಯುವುದು, ತೊಳೆದು ಮಾರುವುದು. ಎಲ್ಲವೂ ಕುಕ್ಕರುಗಾಲಲ್ಲಿ ಕೂತು ಮಾಡುವ ಕೆಲಸ.

ಶಿಬಿರಕ್ಕೆ ಬಂದ ಹೊಸ ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಮೃದು. ಸಾವಿತ್ರಿಯ ಕಾಲು ನೋಡಿ ಹಿಗ್ಗಿದರು. "ನೂರಾ ಇಪ್ಪತ್ತು ಡಿಗ್ರಿ! ಫಸ್ಟ್ ಕ್ಲಾಸ್. ಇನ್ನ ಬರೂದು ಬ್ಯಾಡ ಅಂತ ಹೇಳ್ರಿ ಮೇಡಂ."

"ಆಕಿಗೆ ನೆಲಕ್ಕ ಕೂಡಾಕ ಆಗೂದಿಲ್ಲ ಸರ್."

"ಕುರ್ಚಿ ಮ್ಯಾಲ ಕೂತಾಳಲ್ಲ?"

"ಗೆಡ್ಡಿ ಹೊಲದಾಗ ಕುರ್ಚಿ ಇಡೂದು ಹೆಂಗ್ ಸರ್?"

ಅವರು ಸಿಟ್ಟಾಗಲಿಲ್ಲ. "ಈ ವಯಸ್ಸಿನಾಗ ಇಷ್ಟ ಸಾಕು ಅಂತ ಎಲ್ಲಾ ಪುಸ್ತಕದಾಗೂ ಐತಿ ಮೇಡಂ" ಎಂದರು. ನಾನು ಹಾಳೆಯ ಮೇಲೆ 'ಗುಣವಾಗಿದೆ' ಎಂದು ಬರೆಯಲಿಲ್ಲ. 'ನೆಲದ ಮೇಲೆ ಕೂರಲು ಆಗುವುದಿಲ್ಲ, ಮುಂದುವರಿಸಬೇಕು' ಎಂದು ಬರೆದೆ. ತಿಂಗಳ ವರದಿಯಲ್ಲಿ ಗುಣವಾದವರ ಸಂಖ್ಯೆ ಒಂದು ಕಡಿಮೆಯಾಯಿತೆಂದು ಆಸ್ಪತ್ರೆಯಿಂದ ಫೋನ್ ಬಂತು. ಕಡಿಮೆ ಆಗಲಿ ಎಂದೆ. ಅಷ್ಟು ಹೊತ್ತಿಗೆ ಆಸ್ಪತ್ರೆಗೆ ಮೂರು ಹೊಸ ಮಿಷನ್‌ಗಳು ಬಂದಿದ್ದವು, ಕಾಲಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ತಾವೇ ಬಗ್ಗಿಸುವಂಥವು. ಅಲ್ಲಿಗೆ ಕಳಿಸಿ ಎಂದರು. ಮಿಷನ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅದು ಬಗ್ಗಿಸುವಾಗ ರೋಗಿಯ ಮುಖ ನೋಡುವವರು ಯಾರು?

ಸಾವಿತ್ರಿಗೆ ಗೋಣಿಚೀಲಗಳನ್ನು ಮಡಚಿ ಮಂಚದಷ್ಟು ಎತ್ತರಕ್ಕೆ ಒಟ್ಟಲು ಹೇಳಿದೆ. ಅದರ ಮೇಲೆ ಕೂರಬೇಕು, ಏಳಬೇಕು, ಗೋಡೆಗೆ ಬಡಿದ ಗೂಟ ಹಿಡಿದು. ಪ್ರತಿ ವಾರ ಒಂದು ಗೋಣಿ ತೆಗೆಯಬೇಕು. ಅವಳ ಮೈಭಾರ, ಅವಳ ಕಾಲು, ಅವಳದೇ ಲೆಕ್ಕ. ನೋವು ತಡೆಯದ ಜಾಗ ಬಂದರೆ ಅಲ್ಲಿಗೆ ನಿಲ್ಲಬೇಕು, ಮರುದಿನ ನೋಡೋಣ. ಅವಳ ಕನ್ನಡ ಅಷ್ಟಕ್ಕಷ್ಟೆ, ನನ್ನ ಕೊಂಕಣಿ ಅದಕ್ಕಿಂತ ಕಡಿಮೆ. "ದುಕ್ತಾ?" ಎಂದು ಕೇಳುತ್ತಿದ್ದೆ, ನೋಯುತ್ತದೆಯೇ ಎಂದು. "ದುಕ್ತಾ" ಎಂದರೆ, "ತರ್ ಆಜ್ ಪುರೊ" ಎನ್ನುತ್ತಿದ್ದೆ, ಹಾಗಾದರೆ ಇವತ್ತಿಗೆ ಸಾಕು. ಇಷ್ಟೇ ಮಾತಿನಲ್ಲಿ ನಾಲ್ಕು ತಿಂಗಳು ನಡೆಯಿತು. ನಡುವೆ ಮೂರು ವಾರ ಒಂದು ಗೋಣಿಯೂ ಕಡಿಮೆಯಾಗದೆ ನಿಂತಿತು. ಅವಳೂ ಬಿಡಲಿಲ್ಲ, ನಾನೂ ಬಿಡಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ದಿನ ಅವಳು ಹೇಳಿಕಳಿಸಿದಳೆಂದು ಹೋದೆ. ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಹಿಮ್ಮಡಿಗೆ ತೊಡೆ ತಾಗಿತ್ತು. ಗುದ್ದಲಿಯಿಂದ ಮಣ್ಣು ಬಿಡಿಸಿ, ಕೈ ಹಾಕಿ ಒಂದು ದೊಡ್ಡ ಗೆಡ್ಡೆ ಎಳೆದು ನನ್ನ ಕಡೆ ಚಾಚಿದಳು. ಎದುರಿಗೆ ಕೂರು ಎಂದು ಕೈಸನ್ನೆ ಮಾಡಿದಳು.

ನಾನು ಬಗ್ಗಿದೆ. ಅರ್ಧಕ್ಕೆ ನಿಂತುಬಿಟ್ಟೆ. ನನ್ನ ಮೊಣಕಾಲುಗಳು ಸವೆದು ಎರಡು ವರ್ಷವಾಗಿತ್ತು. ಅದೇ ಮೃದು ಮಾತಿನ ಡಾಕ್ಟರು ನೋಡಿ, "ಈ ವಯಸ್ಸಿಗೆ ನೆಲ ಯಾಕ ಮೇಡಂ, ಕುರ್ಚಿ ಮ್ಯಾಲ ಕೂಡ್ರಿ" ಎಂದಿದ್ದರು. ನಾನು ಹೂಂ ಎಂದು ಬಂದಿದ್ದೆ. ಬೇರೆಯವರ ಮೊಣಕಾಲಿಗಾಗಿ ಜಗಳವಾಡಿದವಳು ನನ್ನದಕ್ಕೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಸಾವಿತ್ರಿ ಗುದ್ದಲಿ ಬಿಟ್ಟು ಎದ್ದಳು. ಗೆಡ್ಡೆ ತುಂಬಲು ತಂದಿದ್ದ ಗೋಣಿಗಳನ್ನೆಲ್ಲ ಮಡಚಿ ಒಂದರ ಮೇಲೊಂದು ಒಟ್ಟಿದಳು. ಮಣ್ಣಿನ ಕೈಯಿಂದಲೇ ನನ್ನ ಎರಡೂ ಮಣಿಕಟ್ಟು ಹಿಡಿದು, ನನ್ನ ಮುಖದ ಮೇಲಿಂದ ಕಣ್ಣು ತೆಗೆಯದೆ, ನಿಧಾನವಾಗಿ ಕೆಳಗಿಳಿಸಿದಳು.

"ದುಕ್ತಾ?"

"ದುಕ್ತಾ" ಎಂದೆ.

"ತರ್ ಆಜ್ ಪುರೊ" ಎಂದಳು. ನನ್ನನ್ನು ಗೋಣಿಯ ರಾಶಿಯ ಮೇಲೆ ಕೂರಿಸಿ, ಗೆಡ್ಡೆಯ ಮಣ್ಣು ಕೊಡವಲು ನನ್ನ ಕೈಗೂ ಒಂದು ಕೊಟ್ಟಳು. ಮುಂದಿನ ವಾರ ನಾನು ಮತ್ತೆ ಹೋದೆ. ಒಂದು ಗೋಣಿ ತೆಗೆದೆವು.